ಕಷ್ಟದ ದಿನಗಳಲ್ಲಿ ನಂಬಿಕೆ ಬಿಡದೆ ಬಾಳುವುದು ಹೇಗೆ?

"ಪ್ರಾರ್ಥನೆಗೆ ಕೂತರೆ ಒಂದು ಮಾತೂ ಹೊರಡಲ್ಲ. ನನ್ನ ನಂಬಿಕೆ ಹೋಯ್ತಾ?" "ದೇವರ ಮೇಲೇ ಸಿಟ್ಟು ಬರ್ತಿದೆ, ಇದು ಪಾಪಾನಾ?" "ನಾನೇನು ತಪ್ಪು ಮಾಡಿದೆ ಅಂತ ಈ ಶಿಕ್ಷೆ?"

ಕಾಯಿಲೆ, ಸಾವು, ಸಾಲ, ಮುರಿದ ಮನೆ, ಹೋದ ಕೆಲಸ. ನನಗೆ ಬರೆಯುವವರ ಕಥೆ ಬೇರೆ ಬೇರೆ, ಕೇಳುವುದು ಮಾತ್ರ ಈ ಮೂರೇ ಪ್ರಶ್ನೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ದೇವರು ಕಷ್ಟವನ್ನು ಯಾಕೆ ಬರಗೊಡುತ್ತಾನೆ ಎಂಬುದಕ್ಕೆ ಇಲ್ಲಿ ಉತ್ತರ ಸಿಗುವುದಿಲ್ಲ. ಬೈಬಲ್ಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನಿಗೇ ಸಿಗಲಿಲ್ಲ. ಅವನ ಪುಸ್ತಕದಲ್ಲಿರುವುದು 42 ಅಧ್ಯಾಯ. ದೇವರು ಬಿರುಗಾಳಿಯೊಳಗಿಂದ ಮಾತಾಡಲು ಶುರುಮಾಡುವುದು 38ರಲ್ಲಿ. ಆಗಲೂ ಕಾರಣ ಹೇಳುವುದಿಲ್ಲ, ತಾನೇ ಪ್ರಶ್ನೆ ಕೇಳುತ್ತಾನೆ. ಹಾಗಾಗಿ ಈ ಬರಹ "ಯಾಕೆ" ಎಂಬುದನ್ನು ಬಿಟ್ಟು "ಈ ವಾರ ಏನು ಮಾಡಲಿ" ಎಂಬುದನ್ನು ಹಿಡಿದುಕೊಂಡಿದೆ.

ಬೇಕಾಗುವುದು ಇಷ್ಟು: ಒಂದು ಬೈಬಲ್, ಒಂದು ನೋಟ್‌ಬುಕ್, ದಿನಕ್ಕೆ ಹತ್ತು ನಿಮಿಷ, ನಂಬಿಕಸ್ಥ ವ್ಯಕ್ತಿ ಒಬ್ಬರು. ಧೈರ್ಯದ ಮುಖವಾಡ ಬೇಡ, ಅದನ್ನು ಕಳಚಿಟ್ಟು ಬನ್ನಿ.

ಇನ್ನೊಂದು ಮಾತು, ಇದು ತುರ್ತಿನದು. ಸಾಯಬೇಕು ಎಂಬ ಯೋಚನೆ ಬರುತ್ತಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಹತ್ತಿರ ಇರುವ ಒಬ್ಬರಿಗೆ ಈಗಲೇ ಹೇಳಿ, ಅವರ ಜೊತೆ ವೈದ್ಯರ ಹತ್ತಿರ ಹೋಗಿ. ಈ ಲೇಖನ ಎಲ್ಲಿಗೂ ಹೋಗುವುದಿಲ್ಲ.

1. ಮೊದಲು ಊಟ, ನಿದ್ದೆ, ಔಷಧಿ

ಪ್ರಾರ್ಥನೆಗಿಂತ ಮೊದಲು ಊಟಾನಾ ಎಂದು ಹುಬ್ಬೇರಿಸಬೇಡಿ. 1 ಅರಸುಗಳು 19ನೆಯ ಅಧ್ಯಾಯ ತೆರೆದು ನೋಡಿ. ಪ್ರವಾದಿ ಎಲೀಯ ಜೀವಭಯದಿಂದ ಓಡಿಬಂದು ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, "ಸಾಕು, ನನ್ನ ಪ್ರಾಣ ತೆಗೆದುಬಿಡು" ಎಂದು ಬೇಡಿಕೊಂಡು ಹಾಗೇ ಮಲಗಿಬಿಟ್ಟ. ದೇವದೂತ ಬಂದು ಬೈಯಲಿಲ್ಲ, ಬೋಧನೆಯನ್ನೂ ಮಾಡಲಿಲ್ಲ. ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ತೋರಿಸಿದ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಬಂದು ಎಬ್ಬಿಸಿ ತಿನ್ನಿಸಿದ. ಹೋರೇಬ್ ಬೆಟ್ಟದಲ್ಲಿ ದೇವರ ಜೊತೆ ಮಾತುಕತೆ ನಡೆದದ್ದು ಅದಾದ ನಲವತ್ತು ದಿನಗಳ ಮೇಲೆ.

ಹಾಗಾಗಿ ಮೊದಲ ವಾರದ ಗುರಿ ಚಿಕ್ಕದಾಗಿರಲಿ. ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನಿ. ನಿದ್ದೆ ಬರದಿದ್ದರೂ ದೀಪ ಆರಿಸಿ ಮಲಗಿ. ಫೋನ್ ಬೇರೆ ಕೋಣೆಯಲ್ಲಿರಲಿ. ವೈದ್ಯರು ಕೊಟ್ಟ ಮಾತ್ರೆ ತಪ್ಪಿಸಬೇಡಿ.

ಜನ ಜಾಸ್ತಿ ಎಡವುವುದು ಇಲ್ಲೇ: "ನಂಬಿಕೆ ಇದ್ದರೆ ಮಾತ್ರೆ ಯಾಕೆ?" ಎಂದು ಯಾರೋ ಹೇಳಿದರು ಎಂದು ಔಷಧಿ ಬಿಡುವುದು. ಯೇಸುವಿನ ಸುವಾರ್ತೆ ಸಾರುತ್ತಾ ಊರೂರು ತಿರುಗಿದ ಪೌಲನ ಜೊತೆಗಾರ ಲೂಕ ವೈದ್ಯ. ಕಿರಿಯ ಜೊತೆಗಾರ ತಿಮೊಥೆಯನಿಗೆ ಆಗಾಗ ಹುಷಾರು ತಪ್ಪುತ್ತಿದ್ದಾಗ ಪೌಲ ಅವನಿಗೆ ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದ. ಜೊತೆಗಿದ್ದ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟುಬಂದೆ ಎಂದು ಅವನೇ ಹೇಳಿಕೊಂಡಿದ್ದಾನೆ (2 ತಿಮೊಥೆಯ 4:20). ಪೌಲನ ಕೈಯಲ್ಲಿ ಎಷ್ಟೋ ಜನ ವಾಸಿಯಾಗಿದ್ದರು. ಆದರೂ ತ್ರೊಫಿಮ ಮಲಗಿಯೇ ಇದ್ದ. ಅವನಿಗೆ ನಂಬಿಕೆ ಕಡಿಮೆಯಿತ್ತು ಎಂದು ಪೌಲ ಎಲ್ಲೂ ಬರೆಯಲಿಲ್ಲ. ಇನ್ನು ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಹೇಳುವಂತೆ ಸಭೆಯ (ಚರ್ಚಿನ) ಹಿರಿಯರನ್ನು ಕರೆಸಿ, ಎಣ್ಣೆ ಹಚ್ಚಿಸಿಕೊಂಡು ಪ್ರಾರ್ಥನೆ ಮಾಡಿಸಿಕೊಳ್ಳಿ. ಚಿಕಿತ್ಸೆಯೂ ನಡೆಯಲಿ. ಎರಡಕ್ಕೂ ಜಗಳವಿಲ್ಲ.

2. ಇದು ಯಾವ ಬಗೆಯ ಕಷ್ಟ ಎಂದು ಗುರುತಿಸಿ

ಎಲ್ಲ ಕಷ್ಟಕ್ಕೂ ಒಂದೇ ಮದ್ದಿಲ್ಲ. ನೋಟ್‌ಬುಕ್ ತೆಗೆದು ಒಂದೇ ವಾಕ್ಯದಲ್ಲಿ ಬರೆಯಿರಿ: "ನನಗೆ ಆಗಿರುವುದು ಇದು." ಆಮೇಲೆ ಅದು ಕೆಳಗಿನ ನಾಲ್ಕರಲ್ಲಿ ಯಾವುದಕ್ಕೆ ಸೇರುತ್ತದೆ ನೋಡಿ. ಒಂದಕ್ಕಿಂತ ಜಾಸ್ತಿಗೂ ಸೇರಬಹುದು.

ನನ್ನದೇ ತಪ್ಪಿನಿಂದ ಬಂದದ್ದು. ಸುಳ್ಳು ಹೇಳಿ ಸಿಕ್ಕಿಬಿದ್ದು ಕೆಲಸ ಹೋದರೆ ಅದನ್ನು "ಶಿಲುಬೆ ಹೊರುವುದು" ಎಂದು ಕರೆಯಬಾರದು. ಯೇಸುವಿನ ಶಿಷ್ಯ ಪೇತ್ರ ನೇರವಾಗಿ ಹೇಳುತ್ತಾನೆ: ನಿಮ್ಮಲ್ಲಿ ಯಾರೂ ಕೊಲೆಗಾರ, ಕಳ್ಳ, ಕಂಡವರ ವಿಷಯದಲ್ಲಿ ತಲೆಹಾಕುವವ ಎನ್ನಿಸಿಕೊಂಡು ಬಾಧೆಪಡಬಾರದು (1 ಪೇತ್ರ 4:15). ಇಲ್ಲಿ ಮಾಡಬೇಕಾದದ್ದು ಒಪ್ಪಿಕೊಳ್ಳುವುದು, ಕ್ಷಮೆ ಕೇಳುವುದು, ಆದ ನಷ್ಟವನ್ನು ಕೈಲಾದಷ್ಟು ತುಂಬಿಕೊಡುವುದು. ಕ್ಷಮೆ ಸಿಕ್ಕ ಮೇಲೂ ಪರಿಣಾಮ ಉಳಿದಿರಬಹುದು. ಹಾಗೆಂದ ಮಾತ್ರಕ್ಕೆ ದೇವರು ಇನ್ನೂ ಲೆಕ್ಕ ಇಟ್ಟುಕೊಂಡಿದ್ದಾನೆ ಎಂದುಕೊಳ್ಳಬೇಡಿ.

ಇನ್ನೊಬ್ಬರ ಅನ್ಯಾಯದಿಂದ ಬಂದದ್ದು. ಮನೆಯಲ್ಲಿ ಹೊಡೆತ, ಮೋಸ, ದಬ್ಬಾಳಿಕೆ ಎಲ್ಲ ಇಲ್ಲಿ ಸೇರುತ್ತದೆ. ಈ ಗುಂಪಿನವರಿಗೆ ನಾನು ಒತ್ತಿ ಹೇಳುವುದು ಒಂದೇ: ತಪ್ಪಿಸಿಕೊಳ್ಳುವುದು ಅಪನಂಬಿಕೆಯಲ್ಲ. ಅರಸ ಸೌಲ ಈಟಿ ಎಸೆದಾಗ ದಾವೀದ ಪಕ್ಕಕ್ಕೆ ಸರಿದ, ಆ ರಾತ್ರಿಯೇ ಓಡಿಹೋದ. ದಮಸ್ಕದಲ್ಲಿ ಪೌಲನನ್ನು ಶಿಷ್ಯರು ಹೆಡಿಗೆಯಲ್ಲಿ ಕೂರಿಸಿ ಗೋಡೆಯಿಂದ ಕೆಳಗಿಳಿಸಿದರು. ಅದೇ ಪೌಲ ಚಾಟಿಯೇಟು ಬೀಳುವ ಮೊದಲು ತನ್ನ ರೋಮನ್ ಹಕ್ಕನ್ನು ಎತ್ತಿ ತೋರಿಸಿದ, ಮುಂದೆ ರೋಮ್ ಚಕ್ರವರ್ತಿ ಕೈಸರನ ತನಕ ಮೇಲ್ಮನವಿಗೂ ಹೋದ. ಸುರಕ್ಷಿತ ಜಾಗಕ್ಕೆ ಹೋಗಿ. ಕಾನೂನಿನ ಸಹಾಯ ಪಡೆಯಿರಿ. "ಸಹಿಸಿಕೊಂಡಿರು, ದೇವರು ನೋಡಿಕೊಳ್ತಾನೆ" ಎಂದು ಹೊಡೆತ ತಿನ್ನುವವರಿಗೆ ಹೇಳುವುದು ಬುದ್ಧಿವಾದವೇ ಅಲ್ಲ. ಕ್ಷಮಿಸುವುದು ಮತ್ತು ಅದೇ ಮನೆಗೆ ವಾಪಸ್ ಹೋಗುವುದು ಎರಡು ಬೇರೆ ಬೇರೆ ವಿಷಯ.

ಕ್ರಿಸ್ತನ ಹೆಸರಿನ ಸಲುವಾಗಿ ಬಂದದ್ದು. ಇದಕ್ಕೆ ನಾಚಿಕೊಳ್ಳಬೇಕಾಗಿಲ್ಲ, ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ಒಂದು ಊರಲ್ಲಿ ಹಿಂಸೆಪಡಿಸಿದರೆ ಇನ್ನೊಂದಕ್ಕೆ ಓಡಿಹೋಗಿ ಎಂದು ಯೇಸುವೇ ಹೇಳಿದ್ದಾನೆ (ಮತ್ತಾಯ 10:23). ನಮ್ಮ ಒರಟು ಮಾತಿಗೆ ಬಂದ ವಿರೋಧವನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ.

ಯಾರ ತಪ್ಪೂ ಇಲ್ಲದೆ ಬಂದದ್ದು. ಕಾಯಿಲೆ, ಅಪಘಾತ, ಮಗುವಿನ ಸಾವು. "ನಾನೇನು ತಪ್ಪು ಮಾಡಿದೆ" ಎಂಬ ಮೂರನೆಯ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಇಲ್ಲಿಯವರೇ. ಹುಟ್ಟುಕುರುಡನನ್ನು ಕಂಡು ಶಿಷ್ಯರು, "ಯಾರ ಪಾಪ, ಇವನದೋ ಹೆತ್ತವರದೋ?" ಎಂದು ಕೇಳಿದರು. "ಇವನದೂ ಅಲ್ಲ, ಹೆತ್ತವರದೂ ಅಲ್ಲ" ಎಂದ ಯೇಸು (ಯೋಹಾನ 9). ಯೆರೂಸಲೇಮಿನ ಸಿಲೊವಾಮ್ ಎಂಬಲ್ಲಿ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಾಗಲೂ, ಅವರು ಉಳಿದವರಿಗಿಂತ ದೊಡ್ಡ ಪಾಪಿಗಳಾಗಿರಲಿಲ್ಲ ಎಂದ (ಲೂಕ 13). ಪಾಪ ಹುಡುಕುವ ತನಿಖೆ ನಿಲ್ಲಿಸಿ. ನಿಜವಾಗಿ ಏನಾದರೂ ಇದ್ದರೆ ಮನಸ್ಸಾಕ್ಷಿ ಒಂದು ನಿರ್ದಿಷ್ಟ ವಿಷಯವನ್ನು ಎತ್ತಿ ತೋರಿಸುತ್ತದೆ. ಸುಮ್ನೆ ಮಂಜಿನಂತೆ ಮುತ್ತುವ ಅಪರಾಧಭಾವ ನಿಮ್ಮನ್ನು ಎಲ್ಲಿಗೂ ಮುಟ್ಟಿಸುವುದಿಲ್ಲ.

3. ದೂರನ್ನು ದೇವರಿಗೇ ಹೇಳಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡಲು ಶಕ್ತಿ ಇದ್ದರೆ ಇದನ್ನೇ ಮಾಡಿ.

ಬೈಬಲ್ಲಿನಲ್ಲಿ ಇದಕ್ಕೆ ಪ್ರಲಾಪ ಎಂಬ ಹೆಸರಿದೆ. ಪ್ರಲಾಪ ಎಂದರೆ ಅಳು, ಆದರೆ ವಿಳಾಸವಿರುವ ಅಳು. ಗೋಡೆಗೆ ಹೇಳಿದರೆ ಗೊಣಗಾಟ, ದೇವರಿಗೆ ಹೇಳಿದರೆ ಪ್ರಾರ್ಥನೆ. ಬೈಬಲ್ಲಿನ ಪ್ರಾರ್ಥನೆಯ ಹಾಡುಗಳಾದ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಇಂಥವೇ. ಪ್ರಲಾಪಗಳು ಎಂಬ ಪುಸ್ತಕವಂತೂ ಪೂರ್ತಿ ಇದೇ. ಅದರ ಐದು ಅಧ್ಯಾಯಗಳಲ್ಲಿ ನಾಲ್ಕನ್ನು ಹೀಬ್ರೂ ಭಾಷೆಯ 22 ಅಕ್ಷರಗಳ ಕ್ರಮದಲ್ಲಿ ಕಟ್ಟಿದ್ದಾರೆ. ತಮ್ಮ ಯೆರೂಸಲೇಮ್ ಊರು ಸುಟ್ಟು ಬೂದಿಯಾದ ಮೇಲೆ ಕೂತು, ನಮ್ಮ ಅ ಆ ಇ ಈ ಇದ್ದ ಹಾಗೆ, ಅಕ್ಷರಕ್ಕೊಂದರಂತೆ ದುಃಖ ಬರೆದರು. ಅಳುವಿಗೂ ಒಂದು ಚೌಕಟ್ಟು ಬೇಕಾಗುತ್ತದೆ, ಇಲ್ಲದಿದ್ದರೆ ಅದು ನಮ್ಮನ್ನೇ ಕೊಚ್ಚಿಕೊಂಡು ಹೋಗುತ್ತದೆ.

ದೇವರ ಮೇಲೆ ಸಿಟ್ಟು ಪಾಪಾನಾ ಎಂಬ ಎರಡನೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ದೇವರ ಮುಂದೆ ಸಿಟ್ಟು ತೋರಿಸಿದ ಯೋಬನನ್ನು ದೇವರು ಕೊನೆಯಲ್ಲಿ ಸಮರ್ಥಿಸಿದ. ದೇವರ ಪರವಾಗಿ ವಕೀಲಿ ಮಾಡಿದ ಮೂವರು ಗೆಳೆಯರಿಗೆ, "ನನ್ನ ದಾಸ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ" ಎಂದ (ಯೋಬ 42:7).

ಹೇಗೆ ಮಾಡುವುದು? 13ನೆಯ ಕೀರ್ತನೆಯನ್ನು ಅಚ್ಚಿನಂತೆ ಬಳಸಿ. ಇರುವುದೇ ಆರು ವಚನ. ಮೊದಲೆರಡು ವಚನಗಳಲ್ಲಿ "ಇನ್ನೆಷ್ಟು ಕಾಲ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಮುಂದಿನ ಎರಡರಲ್ಲಿ ಬೇಡಿಕೆ: ನೋಡು, ಉತ್ತರ ಕೊಡು, ನನ್ನ ಕಣ್ಣಿಗೆ ಬೆಳಕು ಕೊಡು. ಕೊನೆಯ ಎರಡರಲ್ಲಿ ಭರವಸೆ. ನೋಟ್‌ಬುಕ್ಕಿನಲ್ಲಿ ಇದೇ ಕ್ರಮದಲ್ಲಿ ಬರೆಯಿರಿ.

ಅ) ಕರೆಯಿರಿ. "ಕರ್ತನೇ", "ತಂದೆಯೇ", ಬಾಯಿಗೆ ಬಂದ ಹೆಸರು. ಈ ಒಂದು ಪದ ಬಿಟ್ಟರೆ ಮುಂದಿನದೆಲ್ಲ ಡೈರಿಯಾಗುತ್ತದೆ.

ಆ) ಆದದ್ದನ್ನು ಹೇಳಿ, ವಿವರವಾಗಿ. "ನನಗೆ ತುಂಬ ನೋವಾಗಿದೆ" ಎಂಬುದು ಸಾಲದು.

ಇ) ಬೇಡಿಕೆ ಇಡಿ. ಒಂದೇ, ಸ್ಪಷ್ಟವಾಗಿ.

ಈ) ಭರವಸೆಯ ಒಂದು ಸಾಲು. ನಿಜವಾಗಿ ಹೇಳಲು ಆಗುವಷ್ಟೇ ಬರೆಯಿರಿ.

ನನ್ನದೇ ಹಳೆಯ ನೋಟ್‌ಬುಕ್ಕಿನ ಒಂದು ಪುಟ ಮಾದರಿಗೆ: "ಕರ್ತನೇ, ರಿಪೋರ್ಟ್ ಬಂದು ಇವತ್ತಿಗೆ ಹನ್ನೊಂದು ದಿನ. ರಾತ್ರಿ ಮೂರಕ್ಕೆ ಎಚ್ಚರವಾಗುತ್ತೆ. ಫ್ಯಾನ್ ತಿರುಗೋದನ್ನ ನೋಡ್ತಾ ಬಿದ್ದಿರ್ತೀನಿ. ನೀನು ಕೇಳ್ತಿದ್ದೀಯ ಅಂತ ಅನ್ನಿಸ್ತಿಲ್ಲ. ಎಲ್ಲರೂ ಧೈರ್ಯವಾಗಿರು ಅಂತಾರೆ, ನನಗೆ ಅವರ ಮೇಲೂ ಸಿಟ್ಟು, ನಿನ್ನ ಮೇಲೂ ಸಿಟ್ಟು. ಇವತ್ತು ರಾತ್ರಿ ಬೆಳಗಿನವರೆಗೆ ನಿದ್ದೆ ಕೊಡು. ನಿನ್ನನ್ನು ಬಿಟ್ಟು ಬೇರೆ ಯಾರಿಗೆ ಹೇಳಲಿ, ಗೊತ್ತಿಲ್ಲ." ಕೊನೆಯ ಸಾಲು ಅಂಥ ದೊಡ್ಡ ಭರವಸೆಯೇನಲ್ಲ, ಅಲ್ವಾ? ಆ ದಿನಕ್ಕೆ ನನ್ನ ಹತ್ತಿರ ಇದ್ದದ್ದು ಅಷ್ಟೇ.

ಎಚ್ಚರಿಕೆ ಎರಡು. ಭರವಸೆಯ ಸಾಲಿಗೆ ಅವಸರ ಮಾಡಬೇಡಿ. ಮೊದಲ ವಾಕ್ಯಕ್ಕೇ "ಆದರೂ ಸ್ತೋತ್ರ" ಎಂದು ಬರೆದರೆ ಒಳಗಿನ ಹುಣ್ಣು ಒಳಗೇ ಉಳಿಯುತ್ತದೆ. ಇನ್ನೊಂದು, ಈ ಪುಟವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡಿ. ಓದುವವರಿದ್ದಾರೆ ಎಂದು ಗೊತ್ತಾದ ಕ್ಷಣ ಬರಹ ಬದಲಾಗಿಬಿಡುತ್ತದೆ.

4. ಮಾತೇ ಬರದ ದಿನ ಬೇರೆಯವರ ಮಾತನ್ನು ಸಾಲ ತೆಗೆದುಕೊಳ್ಳಿ

ಬರೆಯಲೂ ಆಗದ ದಿನ ಬರುತ್ತದೆ. ಆಗ ಯಾವುದಾದರೂ ಕೀರ್ತನೆಯನ್ನು ಗಟ್ಟಿಯಾಗಿ ಓದಿ, ಅಷ್ಟೇ ಸಾಕು. ಶಿಲುಬೆಯ ಮೇಲೆ ಯೇಸು ಕೂಗಿದ "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟಿದ್ದೀ?" ಎಂಬ ಮಾತು 22ನೆಯ ಕೀರ್ತನೆಯ ಮೊದಲ ಸಾಲು. ಅವನೂ ಆ ಗಳಿಗೆಯಲ್ಲಿ ಹಳೆಯ ಪ್ರಾರ್ಥನೆಯನ್ನೇ ಬಾಯಿಗೆ ತಂದುಕೊಂಡ.

ತೀರಾ ಕೆಟ್ಟ ದಿನಕ್ಕೆ 88ನೆಯ ಕೀರ್ತನೆ. ಉಳಿದ ಹೆಚ್ಚಿನ ಪ್ರಲಾಪಗಳ ಹಾಗೆ ಅದು ಕೊನೆಯಲ್ಲಿ ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಯಾರೋ ಅದಕ್ಕೊಂದು ಸುಖಾಂತ್ಯ ಅಂಟಿಸಬಹುದಿತ್ತು. ಅಂಟಿಸಲಿಲ್ಲ, ಹಾಗೇ ಉಳಿಸಿಕೊಂಡರು.

ಓದಲೂ ಆಗದಿದ್ದರೆ ಸುಮ್ಮನೆ ಕೂತುಕೊಳ್ಳಿ. ಏನು ಬೇಡಬೇಕೆಂದು ನಮಗೆ ತಿಳಿಯದಿರುವಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಲ್ಲಿ ನಮ್ಮ ಪರವಾಗಿ ಬೇಡುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 8:26 ಹೇಳುತ್ತದೆ. ಮೊದಲ ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ ಈ ವಚನವೇ. ಮಾತು ಹೋಗಿದೆ, ಪ್ರಾರ್ಥನೆ ನಿಂತಿಲ್ಲ.

5. ಒಬ್ಬರಿಗೆ ಹೇಳಿ, ಏನು ಬೇಕೆಂದೂ ಹೇಳಿ

ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಮೂವರು ಶಿಷ್ಯರನ್ನು ಜೊತೆಗೆ ಕರೆದುಕೊಂಡು ಹೋಗಿ, "ನನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ, ಇಲ್ಲೇ ಎಚ್ಚರವಾಗಿರಿ" ಎಂದ. ಅವರು ನಿದ್ದೆಹೋದರು, ಅದು ಬೇರೆ ಮಾತು. ಅವನು ಕೇಳಿದ್ದಂತೂ ನಿಜ. ಅವನಿಗೇ ಜೊತೆ ಬೇಕಾಗಿತ್ತೆಂದರೆ ನಮಗೆ ಬೇಕಾಗುವುದರಲ್ಲಿ ನಾಚಿಕೆ ಏನಿದೆ?

ಹತ್ತು ಜನಕ್ಕೆ ಹೇಳಬೇಕಾಗಿಲ್ಲ. ಗುಟ್ಟು ಕಾಪಾಡುವ, ತಕ್ಷಣ ಉಪದೇಶಕ್ಕೆ ಇಳಿಯದ ಒಬ್ಬರನ್ನು ಆರಿಸಿಕೊಳ್ಳಿ. ಏನು ಹೇಳುವುದೆಂದು ತೋಚದಿದ್ದರೆ ಈ ಸಂದೇಶವನ್ನೇ ಕಳಿಸಿ: "ಅಕ್ಕ, ನನಗೆ ತುಂಬ ಕಷ್ಟ ಆಗ್ತಿದೆ. ಪರಿಹಾರ ಹೇಳೋದು ಬೇಡ. ಭಾನುವಾರ ಸಂಜೆ ಒಂದು ಅರ್ಧ ಗಂಟೆ ಬಂದು ಕೂತ್ಕೊಳ್ತೀರಾ? ನನ್ನ ಬದಲು ನೀವು ಪ್ರಾರ್ಥನೆ ಮಾಡಿ." ಏನು ಬೇಕು, ಎಷ್ಟು ಹೊತ್ತು ಬೇಕು ಎಂದು ಹೇಳಿಬಿಟ್ಟರೆ ಬರುವವರಿಗೂ ಸುಲಭ.

ಸಭೆಗೆ ಹೋಗುವುದನ್ನು ಬಿಡಬೇಡಿ. ಹಾಡಲು ಆಗದಿದ್ದರೆ ಹಾಡಬೇಡಿ, ಹಿಂದಿನ ಸಾಲಿನಲ್ಲಿ ಕೂತು ಬೇರೆಯವರು ಹಾಡುವುದನ್ನು ಕೇಳಿಸಿಕೊಳ್ಳಿ. ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತುತಂದು ಚಾವಣಿ ಬಿಚ್ಚಿ ಇಳಿಸಿದಾಗ ಯೇಸು ನೋಡಿದ್ದು "ಅವರ ನಂಬಿಕೆ" ಎಂದು ಮಾರ್ಕ 2ರಲ್ಲಿದೆ. ಕೆಲವು ತಿಂಗಳು ಹೊರಿಸಿಕೊಂಡೇ ಹೋಗಬೇಕಾಗುತ್ತದೆ.

ಇಂಥ ಹೊರುವಿಕೆಗೆ ಚರಿತ್ರೆಯಲ್ಲಿ ನನಗೆ ಇಷ್ಟವಾದ ಉದಾಹರಣೆ ಇಂಗ್ಲೆಂಡಿನ ಕವಿ ವಿಲಿಯಂ ಕೂಪರ್ (1731–1800). ದೇವಭಕ್ತಿಯ ಹಾಡುಗಳನ್ನು ಬರೆದ ಅವನನ್ನು ಖಿನ್ನತೆ ಜೀವನಪೂರ್ತಿ ಕಾಡಿತು. 1773ರಲ್ಲಿ ಅವನ ಮನಸ್ಸು ಪೂರ್ತಿ ಕುಸಿದಾಗ ಗೆಳೆಯ, ಪಾದ್ರಿ ಜಾನ್ ನ್ಯೂಟನ್ ಅವನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡ. ಒಂದೆರಡು ವಾರಕ್ಕಲ್ಲ, ವರ್ಷಕ್ಕೂ ಜಾಸ್ತಿ. ಕೂಪರ್ ಪೂರ್ತಿ ವಾಸಿಯಾಗಲಿಲ್ಲ. ನ್ಯೂಟನ್ ಗೆಳೆತನ ಬಿಡಲಿಲ್ಲ.

ಸಮಾಧಾನ ಹೇಳಲು ಬರುವವರಿಂದಲೇ ನೋವಾಗುವುದೂ ಉಂಟು. ಎರಡು ಮಾತು ಜಾಸ್ತಿ ಕೇಳಿಬರುತ್ತವೆ. "ಎಲ್ಲ ಒಳ್ಳೆಯದಕ್ಕೇ" ಎಂದು ರೋಮಾಪುರ 8:28 ಎತ್ತುತ್ತಾರೆ. ಆ ವಚನ ಹೇಳುವುದು, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಸೇರಿ ಹಿತಕ್ಕೆ ಒದಗುತ್ತದೆ ಎಂದು. ಆದದ್ದೆಲ್ಲ ಒಳ್ಳೆಯದು ಎಂದಲ್ಲ. ಅದಕ್ಕೆ ಸ್ವಲ್ಪ ಮೊದಲೇ ಸೃಷ್ಟಿಯೆಲ್ಲ ನರಳುತ್ತಿದೆ ಎಂಬ ಮಾತಿದೆ. ಇನ್ನೊಂದು, "ತಾಳಲಾರದಷ್ಟು ಕಷ್ಟ ದೇವರು ಕೊಡಲ್ಲ." 1 ಕೊರಿಂಥ 10:13ರ ಸಂದರ್ಭ ಪಾಪಕ್ಕೆ ಸೆಳೆಯುವ ಶೋಧನೆಯದು. ಆಸ್ಯ ಸೀಮೆಯಲ್ಲಿ (ಈಗಿನ ಟರ್ಕಿಯ ಪಶ್ಚಿಮ ಭಾಗ) ತನಗಾದ ಕಷ್ಟದ ಬಗ್ಗೆ ಬರೆಯುವಾಗ ಅದೇ ಪೌಲ, ನಮ್ಮ ಶಕ್ತಿಗೆ ಮೀರಿತ್ತು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎನ್ನುತ್ತಾನೆ (2 ಕೊರಿಂಥ 1:8). ವಾದಕ್ಕೆ ಇಳಿಯಬೇಡಿ. "ಬಂದಿದ್ದಕ್ಕೆ ಥ್ಯಾಂಕ್ಸ್, ಈಗ ಸ್ವಲ್ಪ ಮಲಗ್ತೀನಿ" ಎಂದರೆ ಸಾಕು.

6. ಉತ್ತರ "ಇಲ್ಲ" ಎಂದು ಬಂದರೆ

ಪೌಲ ತನ್ನ ಶರೀರದಲ್ಲಿನ ಶೂಲ ತೆಗೆದುಹಾಕು ಎಂದು ಮೂರು ಸಲ ಬೇಡಿದ. ಶೂಲ ಎಂದರೆ ಚುಚ್ಚುವ ಮುಳ್ಳಿನಂಥದ್ದು. ಅದು ಯಾವ ಕಾಯಿಲೆ ಎಂದು ಅವನು ಬರೆದಿಲ್ಲ, ಅದು ಒಳ್ಳೆಯದೇ ಆಯಿತು, ಪ್ರತಿಯೊಬ್ಬರೂ ತಮ್ಮ ಮುಳ್ಳನ್ನು ಅಲ್ಲಿಟ್ಟು ಓದಬಹುದು. ಸಿಕ್ಕ ಉತ್ತರ: "ನನ್ನ ಕೃಪೆಯೇ ನಿನಗೆ ಸಾಕು." ಕೃಪೆ ಎಂದರೆ ನಮ್ಮ ಯೋಗ್ಯತೆ ನೋಡದೆ ದೇವರು ಕೊಡುವ ದಯೆ, ಬಲ. ಮುಳ್ಳು ಹೋಗಲಿಲ್ಲ. ಯೇಸು ಕೂಡ ಗೆತ್ಸೆಮನೆಯಲ್ಲಿ ಈ ಸಂಕಟದ ಪಾತ್ರೆ ತನ್ನಿಂದ ತೊಲಗಲಿ ಎಂದು ಬೇಡಿದ, ಅದು ತೊಲಗಲಿಲ್ಲ.

ವಾಸಿಗಾಗಿ ಬೇಡುವುದನ್ನು ಯಾವಾಗ ನಿಲ್ಲಿಸಬೇಕು ಎಂದು ಕೇಳುತ್ತಾರೆ. ನಿಲ್ಲಿಸಲೇಬೇಕೆಂಬ ನಿಯಮವಿಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಬೇಡಿಕೆ ಸೇರಿಸಿ: "ಇದು ಹೋಗದಿದ್ದರೆ, ಇದರ ಜೊತೆ ಇವತ್ತು ಬಾಳುವ ಬಲ ಕೊಡು." ಈ ಎರಡನೆಯದಕ್ಕೆ ಸಿಕ್ಕ ಉತ್ತರಗಳನ್ನು ದಿನಾಂಕ ಹಾಕಿ ಬರೆದಿಡಿ. ಚಿಕ್ಕವಾದರೂ ಪರವಾಗಿಲ್ಲ.

ಇಲ್ಲಿ ಕಾಲು ಜಾರುವ ಜಾಗಗಳಿವೆ. ದೇವರ ಜೊತೆ ವ್ಯಾಪಾರಕ್ಕೆ ಇಳಿಯುವುದು: ಇದನ್ನು ಕೊಟ್ಟರೆ ಅದನ್ನು ಮಾಡುತ್ತೇನೆ ಎಂದು ಸಂಕಟದಲ್ಲಿ ಹರಕೆ ಹೊತ್ತು ಆಮೇಲೆ ಒದ್ದಾಡುವುದು. ಹಣ ಕೊಟ್ಟರೆ ಅದ್ಭುತ ನಡೆಯುತ್ತದೆ ಎನ್ನುವವರ ಹಿಂದೆ ಹೋಗುವುದು, ಅದಕ್ಕೆ ಸಾಲ ಬೇರೆ ಮಾಡುವುದು. ನಿಮ್ಮ ಕಣ್ಣೀರಿಗೆ ಬೆಲೆ ಕಟ್ಟುವವರನ್ನು ಕಂಡರೆ ಎದ್ದು ಬನ್ನಿ. ಮತ್ತೊಂದು, ಮನೆ ಮಾರುವುದು, ಮದುವೆ ಮುರಿಯುವುದು, ಕೆಲಸ ಬಿಡುವುದು ಇಂಥ ದೊಡ್ಡ ನಿರ್ಧಾರಗಳನ್ನು ಮೊದಲ ತಿಂಗಳುಗಳಲ್ಲೇ ತೆಗೆದುಕೊಳ್ಳುವುದು. ಪ್ರಾಣಕ್ಕೆ ಅಪಾಯವಿದ್ದರೆ ಮಾತ್ರ ಕಾಯಬೇಡಿ.

7. ಇವತ್ತಿನ ಒಂದು ಕೆಲಸ ಮಾಡಿ

ಬಾಧೆಪಡುವವರು ಒಳ್ಳೆಯದನ್ನು ಮಾಡುತ್ತಾ ತಮ್ಮನ್ನು ಸೃಷ್ಟಿಕರ್ತನಿಗೆ ಒಪ್ಪಿಸಿಕೊಡಲಿ ಎಂದು ಪೇತ್ರ ಬರೆಯುತ್ತಾನೆ (1 ಪೇತ್ರ 4:19). "ಒಳ್ಳೆಯದು" ಎಂದರೆ ದೊಡ್ಡ ಸೇವೆಯೇ ಆಗಬೇಕಿಲ್ಲ. ಪಾತ್ರೆ ತೊಳೆಯುವುದು, ಮಗುವಿನ ಹೋಮ್‌ವರ್ಕ್ ನೋಡುವುದು, ಸಾಲ ಕೊಟ್ಟವರಿಗೆ ಫೋನ್ ಮಾಡಿ ಇನ್ನೊಂದು ತಿಂಗಳು ಸಮಯ ಕೇಳುವುದು. ಬೆಳಿಗ್ಗೆ ಒಂದನ್ನು ಬರೆಯಿರಿ, ರಾತ್ರಿ ಗೆರೆ ಎಳೆಯಿರಿ. ಆಗದಿದ್ದರೆ ನಾಳೆಗೆ ಅದನ್ನೇ ಬರೆಯಿರಿ.

ಮೊದಲ ತಿಂಗಳು ಜನ ಬರುತ್ತಾರೆ. ಆರನೆಯ ತಿಂಗಳಿಗೆ ಫೋನ್ ನಿಲ್ಲುತ್ತದೆ. ಹುಟ್ಟುಹಬ್ಬ, ತೀರಿಕೊಂಡ ದಿನ, ಕ್ರಿಸ್‌ಮಸ್ ಬಂದಾಗ ಹಳೆಯ ದುಃಖ ಹೊಸದಾಗಿ ಎದ್ದು ಕೂರುತ್ತದೆ. ನಂಬಿಕೆ ಜಾರುತ್ತಿದೆ ಎಂದು ಗಾಬರಿಯಾಗಬೇಡಿ. ಆ ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿ, ಆ ದಿನ ಯಾರ ಜೊತೆ ಇರುತ್ತೀರಿ ಎಂದು ಒಂದು ವಾರ ಮುಂಚೆಯೇ ಗೊತ್ತುಮಾಡಿಕೊಳ್ಳಿ.

ಸಭೆಯಲ್ಲಿ ಬೇಗ ಸಾಕ್ಷಿ ಹೇಳಿ ಎಂದು ಒತ್ತಾಯ ಬರಬಹುದು. ಸಾಕ್ಷಿ ಎಂದರೆ ದೇವರು ನನಗೆ ಏನು ಮಾಡಿದ ಎಂದು ಎಲ್ಲರೆದುರು ಹೇಳುವುದು. ಗಾಯ ಹಸಿ ಇರುವಾಗ ಹೇಳಬೇಡಿ. ಜನರಿಗೆ ಒಳ್ಳೆಯ ಮುಗಿತಾಯ ಬೇಕಿರುತ್ತದೆ, ನೀವು ಇನ್ನೂ ನಡುವಿನಲ್ಲೇ ಇರುತ್ತೀರಿ. "ಇನ್ನೂ ಸ್ವಲ್ಪ ದಿನ ಆಗಲಿ, ಪಾಸ್ಟರ್" ಎಂದರೆ ತಪ್ಪೇನಿಲ್ಲ.

ಅದಕ್ಕಿಂತ ಮೊದಲು ಬೇರೊಂದು ಕರೆ ಬರುತ್ತದೆ. ನಿಮ್ಮದೇ ಥರದ ಕಷ್ಟ ಬಂದವರ ಮನೆಗೆ ಯಾರೋ ನಿಮ್ಮನ್ನು ಹೋಗಿ ಬಾ ಎನ್ನುತ್ತಾರೆ. ಹೋಗಿ. ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕೂತಿದ್ದರು, ಅವರು ಕೆಟ್ಟದ್ದು ಆಮೇಲೆ ಬಾಯಿ ತೆರೆದಾಗ. ನೀವು ತಿನ್ನಲು ಏನಾದರೂ ಹಿಡಿದುಕೊಂಡು ಹೋಗಿ, ಪಕ್ಕದಲ್ಲಿ ಕೂತುಕೊಳ್ಳಿ, ಅವರು ಮಾತಾಡಿದರೆ ಕೇಳಿ. ಎದ್ದು ಬರುವಾಗ "ಏನಾದರೂ ಬೇಕಿದ್ದರೆ ಹೇಳಿ" ಎನ್ನಬೇಡಿ, ಅವರು ಹೇಳುವುದಿಲ್ಲ. ಮತ್ತೆ ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಹೇಳಿ ಬನ್ನಿ.